ಔಟ್‌ಬೋರ್ಡ್ ಎಂಜಿನ್ನಿನ ಐಡ್ಲಿಂಗ್: ಒಂದು ಚರಿತ್ರೆ

ದೋಣಿಯ ಹಿಂಬದಿ ಹಲಗೆಗೆ ತಗುಲಿಹಾಕುವ ಔಟ್‌ಬೋರ್ಡ್ ಎಂಜಿನ್ ಹುಟ್ಟಿದ ಕಾಲಕ್ಕೆ ಅದಕ್ಕೆ ಐಡ್ಲಿಂಗ್ ಎಂಬುದೇ ಇರಲಿಲ್ಲ. ಎಂಜಿನ್ ತಿರುಗಿತೆಂದರೆ ಕೆಳಗಿನ ಪ್ರೊಪೆಲ್ಲರೂ ತಿರುಗುತ್ತಿತ್ತು, ದೋಣಿ ಹೊರಟೇಬಿಡುತ್ತಿತ್ತು. ದೋಣಿ ನಿಲ್ಲಬೇಕಾದರೆ ಎಂಜಿನನ್ನೇ ಆರಿಸಬೇಕಿತ್ತು. ಎಂಜಿನ್ ಓಡುತ್ತಲೇ ಇರಬೇಕು, ದೋಣಿ ಮಾತ್ರ ನಿಂತಿರಬೇಕು ಎಂಬ ಬೇಡಿಕೆ ಈ ಯಂತ್ರದ ಮೇಲೆ ಬಲವಾಗಿ ಬಿದ್ದದ್ದು ಅದು ಹುಟ್ಟಿ ಸುಮಾರು ನಲವತ್ತು ವರ್ಷ ಕಳೆದ ಮೇಲೆ. ಇವತ್ತು ಮಾತ್ರ ಮೆಕ್ಯಾನಿಕ್ ಮತ್ತೆ ಮತ್ತೆ ಕೇಳುವ ದೂರು ಅದೇ: ರೇಸ್ ಕೊಟ್ಟರೆ ಸರಿಯಾಗಿ ಓಡುತ್ತದೆ, ಸ್ಲೋ ಮಾತ್ರ ನಿಲ್ಲುವುದಿಲ್ಲ. ಈ ದೂರಿನ ಬೇರು ಎಂಜಿನ್ ಬೆಳೆದುಬಂದ ದಾರಿಯಲ್ಲೇ ಇದೆ.

ಕಳಚಿ ಒಯ್ಯಬಹುದಾದ ದೋಣಿ ಎಂಜಿನ್ನಿನ ಮೊದಲ ಪ್ರಯೋಗ ನಡೆದದ್ದು ಪ್ಯಾರಿಸ್‌ನಲ್ಲಿ. 1881ರಲ್ಲಿ ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಸಂಶೋಧಕ ಸಣ್ಣದೊಂದು ವಿದ್ಯುತ್ ಮೋಟಾರನ್ನು ದೋಣಿಯ ಚುಕ್ಕಾಣಿಗೆ ಕೂರಿಸಿ ಸೇನ್ ನದಿಯಲ್ಲಿ ಓಡಿಸಿದ. ಬ್ಯಾಟರಿಯಿಂದ ನಡೆಯುತ್ತಿದ್ದ ಆ ಮೋಟಾರಿಗೆ ಐಡ್ಲಿಂಗ್ ತೊಂದರೆಯೇ ಇರಲಿಲ್ಲ. ಸ್ವಿಚ್ ತೆಗೆದರೆ ನಿಲ್ಲುತ್ತಿತ್ತು, ಹಾಕಿದರೆ ಹೊರಡುತ್ತಿತ್ತು. ಆದರೆ ಬ್ಯಾಟರಿಯ ಭಾರ ಹೊತ್ತು ದೂರ ಹೋಗುವಂತಿರಲಿಲ್ಲ. ಹಾಗಾಗಿ ದಾರಿ ಪೆಟ್ರೋಲಿನ ಕಡೆಗೆ ತಿರುಗಿತು. ಅಮೆರಿಕದಲ್ಲಿ ಕ್ಯಾಮರಾನ್ ವಾಟರ್‌ಮನ್ 1905ರಲ್ಲಿ ಡೆಟ್ರಾಯಿಟ್ ನದಿಯಲ್ಲಿ ತನ್ನ ಪೆಟ್ರೋಲ್ ಎಂಜಿನನ್ನು ಪರೀಕ್ಷಿಸಿ, ಬಳಿಕ ಮಾರಾಟಕ್ಕೆ ತಂದ. ನಾಲ್ಕು ವರ್ಷದ ಮೇಲೆ, 1909ರಲ್ಲಿ, ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಓಲೆ ಎವಿನ್ರೂಡ್ ಮಾರಿದ ಎಂಜಿನ್ ಈ ಜಾತಿಯ ಮೂಲರೂಪವನ್ನು ಗಟ್ಟಿಮಾಡಿತು. ಅಡ್ಡ ಮಲಗಿದ ಒಂದೇ ಸಿಲಿಂಡರ್, ನೆಟ್ಟಗೆ ನಿಂತ ಕ್ರ್ಯಾಂಕ್‌ಶಾಫ್ಟ್, ಅದರ ನೆತ್ತಿಯ ಮೇಲೆ ಫ್ಲೈವೀಲ್, ನೀರಿನೊಳಗೆ ಹಲ್ಲಿನ ಗೇರು ಮತ್ತು ಪ್ರೊಪೆಲ್ಲರ್. ಶಕ್ತಿ ಒಂದೂವರೆ ಎಚ್‌ಪಿ, ತೂಕ 62 ಪೌಂಡ್, ಬೆಲೆ 62 ಡಾಲರ್. ಬಿಸಿಲಲ್ಲಿ ಕೆರೆಯ ಆಚೆ ದಡದವರೆಗೆ ಹುಟ್ಟು ಹಾಕಿ ಹೋಗಿ ಐಸ್‌ಕ್ರೀಂ ತರುವಷ್ಟರಲ್ಲಿ ಅದು ಕರಗಿತೆಂದೂ, ಆಗಲೇ ಎವಿನ್ರೂಡ್‌ಗೆ ಎಂಜಿನ್ನಿನ ಯೋಚನೆ ಹೊಳೆಯಿತೆಂದೂ ಕಥೆಯಿದೆ. ಐಸ್‌ಕ್ರೀಂ ಕೇಳಿದ ಬೆಸ್ ಮುಂದೆ ಅವನ ಹೆಂಡತಿಯಾದಳು. ಹುಟ್ಟುಗಳನ್ನು ಎಸೆದುಬಿಡಿ ಎಂದು ಜನರಿಗೆ ಹೇಳಿದ ಜಾಹೀರಾತು ಬರೆದು ವ್ಯಾಪಾರ ಬೆಳೆಸಿದವಳೂ ಅವಳೇ.

ಆ ಎಂಜಿನನ್ನು ಚಾಲೂ ಮಾಡುವುದೆಂದರೆ ಫ್ಲೈವೀಲ್ ಮೇಲಿನ ಗುಬುಟನ್ನು ಹಿಡಿದು ಕೈಯಿಂದ ತಿರುಗಿಸುವುದು. ಹೊತ್ತಿಕೊಂಡ ತಕ್ಷಣ ಗುಬುಟು ಗಿರ್ರನೆ ಸುತ್ತುತ್ತಿತ್ತು. ಕೈ ಹಿಂದೆಗೆಯುವುದು ತಡವಾದರೆ ಗೆಣ್ಣಿಗೆ ಪೆಟ್ಟು. ಮುಂದೆ ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆಯುವ ಪದ್ಧತಿ ಬಂತು, ಆಮೇಲೆ ಹಗ್ಗ ತಾನಾಗಿ ಒಳಕ್ಕೆ ಸುತ್ತಿಕೊಳ್ಳುವ ಸ್ಟಾರ್ಟರ್ ಬಂತು. ವೇಗ ಹೆಚ್ಚು ಕಡಿಮೆ ಮಾಡಲು ಮುಖ್ಯವಾಗಿ ಇದ್ದದ್ದು ಕಿಡಿ ಹಾರುವ ಗಳಿಗೆಯನ್ನು ಮುಂದೂಡುವ, ಹಿಂದೂಡುವ ಒಂದು ಹಿಡಿ. ಕಿಡಿ ತಡವಾದಷ್ಟೂ ಎಂಜಿನ್ ನಿಧಾನ. ಇಂಧನ ಮತ್ತು ಗಾಳಿಯ ಪ್ರಮಾಣವನ್ನು ಒಂದು ಸೂಜಿ ತಿರುಪಿನಿಂದ ಸವಾರನೇ ಆಗಾಗ ಸರಿಮಾಡಿಕೊಳ್ಳಬೇಕಿತ್ತು. ದಡ ಹತ್ತಿರವಾದಾಗ ಎಂಜಿನ್ ಆರಿಸಿ, ಬಂದ ರಭಸದಲ್ಲೇ ತೇಲುತ್ತ ದಡ ಸೇರುವುದು ಅಂದಿನವರ ಕೈಚಳಕ. ಹಿಂದಕ್ಕೆ ಹೋಗಬೇಕಾದರೆ ಇಡೀ ಎಂಜಿನನ್ನೇ ಮುಖ ತಿರುಗಿಸುವ ಏರ್ಪಾಡು ಕೆಲವಕ್ಕೆ ಇತ್ತು. ನಿಧಾನವಾಗಿ ಓಡುವ ಗುಣ ಬೇಕಾಗಿದ್ದದ್ದು ಗಾಳ ಎಳೆಯುತ್ತ ಮೀನು ಹಿಡಿಯುವವರಿಗೆ ಮಾತ್ರ. ಅವರಿಗೂ ನೀರಿನೊಳಗೆ ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತಿದ್ದರಿಂದ ಎಂಜಿನ್ನಿನ ಮೇಲೆ ಸದಾ ಸ್ವಲ್ಪ ಭಾರವಿರುತ್ತಿತ್ತು.

ಆ ದಶಕಗಳಲ್ಲಿ ತಯಾರಕರು ಪೈಪೋಟಿ ನಡೆಸಿದ್ದು ಹಗುರತನ ಮತ್ತು ವೇಗಕ್ಕಾಗಿ. ಎವಿನ್ರೂಡ್ 1920ರ ದಶಕದ ಆರಂಭದಲ್ಲಿ ಅಲ್ಯೂಮಿನಿಯಂ ಬಳಸಿದ ಎರಡು ಸಿಲಿಂಡರಿನ ‘ಎಲ್ಟೊ’ ತಂದ. ಜಾನ್ಸನ್ ಸಹೋದರರು ಅದಕ್ಕಿಂತ ಹಗುರವಾದ ಎಂಜಿನ್ ತಂದರು. ಎರಡು ಸಿಲಿಂಡರ್ ಬಂದದ್ದರಿಂದ ನಡುಕ ಕಡಿಮೆಯಾಯಿತು, ನಿಧಾನದ ಓಟವೂ ಸ್ವಲ್ಪ ನಯವಾಯಿತು. 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ವಿಸ್ಕಾನ್ಸಿನ್‌ನ ಸೀಡರ್‌ಬರ್ಗ್‌ನಲ್ಲಿ ಒಂದು ಕಾರ್ಖಾನೆಯನ್ನು ಕೊಂಡಾಗ, ದೋಷವಿದೆಯೆಂದು ಮಾಂಟ್‌ಗೊಮರಿ ವಾರ್ಡ್ ಎಂಬ ಅಂಗಡಿ ಸಂಸ್ಥೆ ವಾಪಸು ಕಳಿಸಿದ್ದ ಸುಮಾರು 300 ಔಟ್‌ಬೋರ್ಡ್ ಎಂಜಿನ್‌ಗಳು ಅಲ್ಲಿ ಬಿದ್ದಿದ್ದವು. ಅವನ್ನು ಬಿಚ್ಚಿ, ತಪ್ಪು ತಿದ್ದಿ ಮತ್ತೆ ಅದೇ ಅಂಗಡಿಗೆ ಮಾರಿದ್ದೇ ಅವನ ವ್ಯಾಪಾರದ ಮೊದಲ ಹೆಜ್ಜೆ. ಮರುವರ್ಷ ನ್ಯೂಯಾರ್ಕ್ ದೋಣಿ ಮೇಳದಲ್ಲಿ ‘ಮರ್ಕ್ಯುರಿ’ ಹೆಸರಿನ ಹೊಸ ಎಂಜಿನ್‌ಗಳಿಗೆ 16,000 ಬೇಡಿಕೆ ಬಂತು. ದೊಡ್ಡ ಕಂಪನಿಯೊಂದು ರಿಪೇರಿ ಕೆಲಸದಿಂದಲೇ ಶುರುವಾದದ್ದು ಈ ಕಸುಬಿನ ಚರಿತ್ರೆಯಲ್ಲಿ ನೆನಪಿಡಬೇಕಾದ ಸಂಗತಿ.

ತಿರುವು ಬಂದದ್ದು 1949ರಲ್ಲಿ. ಆ ವರ್ಷದ ಜಾನ್ಸನ್ 10 ಎಚ್‌ಪಿ ಎಂಜಿನ್ನಿಗೆ ಮುಂದೆ, ನ್ಯೂಟ್ರಲ್, ಹಿಂದೆ ಎಂಬ ಮೂರು ಸ್ಥಾನದ ಗೇರೂ, ಎಂಜಿನ್ನಿನಿಂದ ಬೇರೆಯಾಗಿ ದೋಣಿಯೊಳಗೆ ಇಡುವ ಇಂಧನದ ಟ್ಯಾಂಕೂ ಇದ್ದವು. ನ್ಯೂಟ್ರಲ್ ಬಂದ ಕೂಡಲೇ ಐಡ್ಲಿಂಗ್ ಎಂಬುದು ಒಂದು ಅಗತ್ಯವೂ ಆಯಿತು, ಒಂದು ತಲೆನೋವೂ ಆಯಿತು. ಗೇರು ಹಾಕುವಾಗ ಎಂಜಿನ್ ನಿಧಾನವಾಗಿರಲೇಬೇಕು. ವೇಗದಲ್ಲಿದ್ದರೆ ಗೇರಿನ ಹಲ್ಲುಗಳು ಖಟಾರನೆ ಬಡಿದು ಸವೆಯುತ್ತವೆ. ತೀರಾ ನಿಧಾನವಿದ್ದರೆ ಗೇರು ಬಿದ್ದ ಗಳಿಗೆಯಲ್ಲಿ ನೀರಿನ ಭಾರ ತಡೆಯಲಾರದೆ ಎಂಜಿನ್ ಆರಿಹೋಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ಓಡುವುದಕ್ಕೆಂದು ಕಟ್ಟಿದ ಯಂತ್ರ 600ರಿಂದ 900ರ ಕಿರಿದಾದ ಪಟ್ಟಿಯಲ್ಲಿ ನೆಮ್ಮದಿಯಾಗಿ ನಿಲ್ಲಬೇಕಾಯಿತು.

ಅದು ಏಕೆ ಕಷ್ಟ ಎಂಬುದು ಟು-ಸ್ಟ್ರೋಕ್ ಎಂಜಿನ್ನಿನ ಒಳಗನ್ನು ನೋಡಿದರೆ ತಿಳಿಯುತ್ತದೆ. ಇದರಲ್ಲಿ ಹೊಸ ಗಾಳಿ-ಇಂಧನ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಹತ್ತಿ, ಸುಟ್ಟ ಹೊಗೆಯನ್ನು ತಾನೇ ಹೊರಕ್ಕೆ ದಬ್ಬಬೇಕು. ವೇಗದಲ್ಲಿ ಈ ದಬ್ಬುವಿಕೆಗೆ ರಭಸವಿರುತ್ತದೆ. ಥ್ರಾಟಲ್ ಮುಚ್ಚಿದಾಗ ಒಳಬರುವ ಗಾಳಿ ತೀರಾ ಕಡಿಮೆ. ಹಳೆಯ ಹೊಗೆ ಪೂರ್ತಿ ಹೊರಹೋಗದೆ ಹೊಸದರೊಂದಿಗೆ ಬೆರೆಯುತ್ತದೆ. ಹಾಗೆ ಬೆರೆತದ್ದು ಪ್ರತಿ ಸುತ್ತಿಗೂ ಹೊತ್ತಿಕೊಳ್ಳುವುದಿಲ್ಲ. ಒಂದು ಸುತ್ತು ತಪ್ಪಿ, ಮುಂದಿನ ಸುತ್ತಿಗೆ ಹೊತ್ತಿ, ಮತ್ತೆ ತಪ್ಪಿ, ಟಪ್ ಟಪ್ ಎಂಬ ಆ ಮುಗ್ಗರಿಸುವ ಸದ್ದು ಹುಟ್ಟುತ್ತದೆ. ಜೊತೆಗೆ ತಣ್ಣಗಿನ ಕ್ರ್ಯಾಂಕ್‌ಕೇಸಿನಲ್ಲಿ ಇಂಧನ ಆವಿಯಾಗದೆ ಹನಿಗಟ್ಟಿ ತಳದಲ್ಲಿ ನಿಲ್ಲುತ್ತದೆ. ಬಹಳ ಹೊತ್ತು ನಿಧಾನದಲ್ಲಿ ಓಡಿಸಿ ಒಮ್ಮೆಗೇ ರೇಸ್ ಕೊಟ್ಟಾಗ ದಟ್ಟ ಹೊಗೆ ಉಗುಳುತ್ತ ಎಂಜಿನ್ ಉಸಿರುಗಟ್ಟುವುದು ಹೀಗೆ ನಿಂತ ಇಂಧನದಿಂದ. ಹಳೆಯ ಎಷ್ಟೋ ಎಂಜಿನ್‌ಗಳು ಈ ಶೇಷವನ್ನು ನೇರವಾಗಿ ನೀರಿಗೇ ಬಿಡುತ್ತಿದ್ದವು. ಕೆರೆ ನದಿಗಳು ಕೆಡುತ್ತವೆಂಬ ಅರಿವು ಬೆಳೆದ 1970ರ ದಶಕದಿಂದ ಅದನ್ನು ಸಣ್ಣ ಕೊಳವೆಗಳ ಮೂಲಕ ಮತ್ತೆ ಸಿಲಿಂಡರಿಗೇ ತಿರುಗಿಸುವ ಏರ್ಪಾಡು ರೂಢಿಗೆ ಬಂತು. ಆ ಕೊಳವೆ ಕಟ್ಟಿಕೊಂಡರೂ ಸ್ಲೋ ಕೆಡುತ್ತದೆ.

ಕಾರ್ಬುರೇಟರಿನಲ್ಲಿ ಐಡ್ಲಿಂಗ್‌ಗೆಂದೇ ಬೇರೆ ದಾರಿಯಿದೆ. ಅದರ ಜೆಟ್ಟಿನ ತೂತು ಅರ್ಧ ಮಿಲಿಮೀಟರಿನ ಆಸುಪಾಸಿನದು. ಎಂಜಿನ್ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಆರಿ, ಉಳಿದ ಅಂಟು ಮೊದಲು ಮುಚ್ಚುವುದು ಈ ತೂತನ್ನೇ. ದೊಡ್ಡ ಜೆಟ್ ತೆರೆದೇ ಇರುವುದರಿಂದ ರೇಸಿನಲ್ಲಿ ಎಂಜಿನ್ ಏನೂ ಆಗದಂತೆ ಓಡುತ್ತದೆ. ರೇಸಿನಲ್ಲಿ ಸರಿ, ಸ್ಲೋದಲ್ಲಿ ಕೆಟ್ಟದ್ದು ಎಂಬ ಒಗಟಿಗೆ ಬಹಳ ಸಲ ಉತ್ತರ ಇಷ್ಟೇ. ಅನುಭವಿ ಮೆಕ್ಯಾನಿಕ್ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಆಚೆಯ ಬೆಳಕು ಗುಂಡಗೆ ಕಂಡರೆ ಸರಿ. ಅರ್ಧಚಂದ್ರದಂತೆ ಕಂಡರೆ ಕ್ಲೀನರ್ ಹಾಕಿ ನೆನೆಸಿ, ಗಾಳಿ ಹೊಡೆಯುತ್ತಾನೆ. ತಂತಿ ತೂರಿಸುವುದಿಲ್ಲ, ಏಕೆಂದರೆ ಕೂದಲೆಳೆಯಷ್ಟು ಹಿರಿದಾದರೂ ತೂತಿನ ಅಳತೆ ಕೆಟ್ಟಂತೆ.

ನ್ಯೂಟ್ರಲ್ ಬಂದ ಮೇಲೆ ರಿಪೇರಿಯ ಕ್ರಮವೂ ಬದಲಾಯಿತು. ಕಿಡಿಯ ಹಿಡಿಯೂ ಥ್ರಾಟಲಿನ ಹಿಡಿಯೂ ಒಂದೇ ಹಿಡಿಯಲ್ಲಿ ಸೇರಿದವು. ಹಿಡಿ ತಿರುಗಿಸಿದಾಗ ಮೊದಲು ಕಿಡಿ ಮುಂದಾಗಿ, ನಿಗದಿತ ಜಾಗದಲ್ಲಿ ಥ್ರಾಟಲ್ ತೆರೆದುಕೊಳ್ಳಬೇಕು. ಈ ಹೊಂದಾಣಿಕೆ ತಪ್ಪಿದರೆ ಯಾವ ತಿರುಪು ತಿರುಗಿಸಿದರೂ ಸ್ಲೋ ಕೂರುವುದಿಲ್ಲ. ಕಿಡಿ ಕೊಡುತ್ತಿದ್ದ ಕಾಂಟ್ಯಾಕ್ಟ್ ಪಾಯಿಂಟುಗಳು ಫ್ಲೈವೀಲಿನ ಕೆಳಗೆ ಕೂತು, ಉಪ್ಪು ಗಾಳಿಗೆ ಹಸಿರು ಹಿಡಿಯುತ್ತಿದ್ದವು. ಅವುಗಳ ನಡುವಿನ ಅಂತರ ತುಸು ಬದಲಾದರೂ ಕಿಡಿಯ ಗಳಿಗೆ ಸರಿಯುತ್ತಿತ್ತು. 1960ರ ದಶಕದ ಕೊನೆಯಿಂದ ಎಲೆಕ್ಟ್ರಾನಿಕ್ ಇಗ್ನಿಷನ್ ದೊಡ್ಡ ಎಂಜಿನ್‌ಗಳಿಗೆ, ಬಳಿಕ ಚಿಕ್ಕವಕ್ಕೂ ಬಂದು ಈ ತೊಂದರೆ ಮರೆಯಾಯಿತು. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪಾಲೂ ಇಳಿಯಿತು. ಹಳೆಯ ಎಂಜಿನ್‌ಗಳಿಗೆ ಹದಿನಾರು ಪಾಲು ಪೆಟ್ರೋಲಿಗೆ ಒಂದು ಪಾಲು, ಅದಕ್ಕಿಂತಲೂ ಹೆಚ್ಚು ಎಣ್ಣೆ ಬೇಕಿತ್ತು. 1960ರ ದಶಕದಲ್ಲಿ ಐವತ್ತಕ್ಕೆ ಒಂದು ಎಂಬುದು ಹರಡಿತು. ನಿಧಾನದ ಓಟದಲ್ಲಿ ಪ್ಲಗ್ ಕಪ್ಪಗೆ ಒದ್ದೆಯಾಗುವುದನ್ನು ಈ ಒಂದು ಬದಲಾವಣೆ ಗಣನೀಯವಾಗಿ ತಗ್ಗಿಸಿತು.

ಜಪಾನಿನ ಎಂಜಿನ್‌ಗಳು ಇದೇ ಕಾಲದವು. ತೊಹಾತ್ಸು 1956ರಲ್ಲಿ, ಯಮಹಾ 1960ರಲ್ಲಿ, ಸುಜುಕಿ 1965ರಲ್ಲಿ ತಮ್ಮ ಮೊದಲ ಔಟ್‌ಬೋರ್ಡ್‌ಗಳನ್ನು ತಂದವು. ಏಷ್ಯಾ, ಆಫ್ರಿಕಾದ ಮೀನುಗಾರರಿಗೆಂದು ಜಪಾನೀಯರು ಸೀಮೆಎಣ್ಣೆಯಲ್ಲಿ ಓಡುವ ಮಾದರಿಗಳನ್ನೂ ಮಾಡಿದರು. ಔಟ್‌ಬೋರ್ಡಿನ ಚರಿತ್ರೆ ಕರಾವಳಿ ಕರ್ನಾಟಕವನ್ನು ಮುಟ್ಟುವುದು ಈ ಸೀಮೆಎಣ್ಣೆ ಎಂಜಿನ್ನಿನ ಮೂಲಕ.

ಭಾರತದ ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆಯ ಯಾಂತ್ರೀಕರಣಕ್ಕೆ ದೊಡ್ಡ ಚಾಲನೆ ಸಿಕ್ಕಿದ್ದು 1952ರ ಒಪ್ಪಂದದಿಂದ ಹುಟ್ಟಿದ ಇಂಡೋ-ನಾರ್ವೇಜಿಯನ್ ಯೋಜನೆಯಿಂದ. ಕೊಲ್ಲಂ ಬಳಿಯ ನೀಂಡಕರದಲ್ಲಿ ಅದು ಶುರುವಾಯಿತು. ಎವಿನ್ರೂಡ್ ಹುಟ್ಟಿದ ದೇಶವೇ ಕೇರಳದ ದೋಣಿಗಳಿಗೆ ಎಂಜಿನ್ ತಂದದ್ದು ಕಾಕತಾಳೀಯ. ಅವು ದೋಣಿಯ ಒಳಗೆ ಕೂರುವ ಡೀಸೆಲ್ ಎಂಜಿನ್‌ಗಳು. ಕರ್ನಾಟಕದಲ್ಲಿ ಆಗಿನ್ನೂ ರಂಪಣಿಯ ಕಾಲ. ದೋಣಿಯಲ್ಲಿ ಬಲೆ ಸುತ್ತಿ, ಹತ್ತಾರು ಜನ ದಡದಲ್ಲಿ ನಿಂತು ಎಳೆಯುವ ಆ ಪದ್ಧತಿಗೆ ಹುಟ್ಟು ಸಾಕಿತ್ತು. 1970ರ ದಶಕದ ನಡುವಿನಿಂದ ಪರ್ಸೀನ್ ಬೋಟುಗಳು ಆಳ ನೀರಿನಲ್ಲೇ ಬಂಗುಡೆ, ಬೂತಾಯಿಯ ಹಿಂಡುಗಳನ್ನು ಸುತ್ತುವರಿಯತೊಡಗಿದಾಗ ದಡಕ್ಕೆ ಬರುವ ಮೀನು ಕಡಿಮೆಯಾಯಿತು, ರಂಪಣಿ ಕುಸಿಯಿತು. ಊರವರೆಲ್ಲ ಪಾಲು ಪಡೆಯುತ್ತಿದ್ದ ಒಂದು ಬದುಕಿನ ಕ್ರಮ ಅದರೊಂದಿಗೇ ಹೋಯಿತು. ನಾಡದೋಣಿಯವರಿಗೆ ಉಳಿದ ದಾರಿ, ಮೀನು ಇದ್ದಲ್ಲಿಗೆ ತಾವೇ ಹೋಗುವುದು. 1980ರ ದಶಕದಲ್ಲಿ ಸಾಂಪ್ರದಾಯಿಕ ದೋಣಿಗಳಿಗೆ ಎಂಜಿನ್ ಅಳವಡಿಸಲು ಸರ್ಕಾರದ ಸಹಾಯಧನವೂ ಸಿಗತೊಡಗಿ, ಔಟ್‌ಬೋರ್ಡ್ ಎಂಜಿನ್ ಮಂಗಳೂರಿನಿಂದ ಕಾರವಾರದವರೆಗೆ ಹರಡಿತು.

ಪೆಟ್ರೋಲ್ ದುಬಾರಿ, ಸಹಾಯಧನದ ಸೀಮೆಎಣ್ಣೆ, ಕರಾವಳಿಯ ಮಾತಿನಲ್ಲಿ ಚಿಮಣಿ ಎಣ್ಣೆ, ಅಗ್ಗ. ಆದರೆ ಸೀಮೆಎಣ್ಣೆ ಆವಿಯಾಗಲು ಪೆಟ್ರೋಲಿಗಿಂತ ಬಹಳ ಹೆಚ್ಚು ಬಿಸಿ ಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಅದು ಹೊತ್ತಿಕೊಳ್ಳದು. ಅದಕ್ಕೇ ಎಂಜಿನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನ ಬೌಲಿನಲ್ಲಿರುವ ಸೀಮೆಎಣ್ಣೆಯನ್ನು ಮುಗಿಸಬೇಕು. ಈ ಕೊನೆಯ ಕೆಲಸ ಮರೆತವರಿಗೆ ಮರುದಿನ ಬೆಳಗಿನ ಜಾವ ಹಗ್ಗ ಎಳೆದು ಎಳೆದು ಭುಜ ನೋವು. ಸೀಮೆಎಣ್ಣೆ ಬೇಗ ಬಡಿತ ಹುಟ್ಟಿಸುವುದರಿಂದ ಈ ಮಾದರಿಗಳಲ್ಲಿ ಸಿಲಿಂಡರಿನ ಒತ್ತಡವನ್ನೂ ಕಡಿಮೆ ಇಟ್ಟಿರುತ್ತಾರೆ. ಶಕ್ತಿ ತಗ್ಗುತ್ತದೆ, ನಿಧಾನದ ಓಟ ಇನ್ನೂ ದುರ್ಬಲವಾಗುತ್ತದೆ.

ನಾಡದೋಣಿಯ ಕೆಲಸವಾದರೋ ನಿಧಾನದ ಓಟವನ್ನೇ ಬೇಡುತ್ತದೆ. ಬಲೆ ಬಿಡುವಾಗ, ಬಲೆಯ ಅಂಚಿನುದ್ದಕ್ಕೆ ಸಾಗುವಾಗ, ಎಳೆಯುವಾಗ ಎಂಜಿನ್ ಸ್ಲೋದಲ್ಲಿ ಇರಬೇಕು. ಅಷ್ಟು ಹೊತ್ತೂ ಸಿಲಿಂಡರ್ ತಣಿಯುತ್ತದೆ, ಸೀಮೆಎಣ್ಣೆ ಅರೆಬರೆ ಉರಿಯುತ್ತದೆ, ಪ್ಲಗ್ಗಿನ ತುದಿಗೆ ಮಸಿ ಕೂರುತ್ತದೆ. ಎಲ್ಲಕ್ಕಿಂತ ಅಪಾಯದ ಜಾಗ ಅಳಿವೆ. ನದಿ ಕಡಲನ್ನು ಸೇರುವ ಆ ಬಾಗಿಲಲ್ಲಿ ಮರಳಿನ ದಿಣ್ಣೆಯ ಮೇಲೆ ತೆರೆಗಳು ಒಡೆಯುತ್ತವೆ. ದೋಣಿ ನಡೆಸುವ ತಾಂಡೇಲ ಎಂಜಿನನ್ನು ಸ್ಲೋದಲ್ಲಿಟ್ಟು, ದೋಣಿಯ ಮೂತಿಯನ್ನು ನೇರ ಹಿಡಿದು, ಬರುತ್ತಿರುವ ತೆರೆಗಳನ್ನು ನೋಡುತ್ತ ಕಾಯುತ್ತಾನೆ. ದೊಡ್ಡ ತೆರೆಗಳ ಸಾಲು ದಾಟಿ ನೀರು ತುಸು ಸಮವಾದ ಕೂಡಲೇ ರೇಸ್ ಕೊಟ್ಟು ದಾಟಿಬಿಡಬೇಕು. ಕಾಯುವ ಆ ಅರೆನಿಮಿಷದಲ್ಲೋ, ರೇಸ್ ಕೊಟ್ಟ ಗಳಿಗೆಯಲ್ಲೋ ಎಂಜಿನ್ ಆರಿದರೆ ದೋಣಿ ತೆರೆಗೆ ಅಡ್ಡಬೀಳುತ್ತದೆ. ಅಮೆರಿಕದ ಕೆರೆಯಲ್ಲಿ ಐಡ್ಲಿಂಗ್ ಕೆಟ್ಟರೆ ಒಂದು ಭಾನುವಾರದ ವಿಹಾರ ಕೆಡಬಹುದು. ಅಳಿವೆಯಲ್ಲಿ ಅದು ಜೀವದ ಪ್ರಶ್ನೆ.

ಮಳೆಗಾಲದಲ್ಲಿ ಈ ಅಪಾಯ ಇಮ್ಮಡಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಎಚ್‌ಪಿವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. 9.9 ಎಚ್‌ಪಿ ಎಂಬ ವಿಚಿತ್ರ ಅಳತೆಯ ಎಂಜಿನ್ ಈ ಮಿತಿಯೊಳಗೆ ಸರಿಯಾಗಿ ಕೂರುತ್ತದೆ. ಆ ಅಳತೆ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ, 10 ಎಚ್‌ಪಿಗಿಂತ ದೊಡ್ಡ ಎಂಜಿನ್ನಿಗೆ ಅವಕಾಶವಿಲ್ಲದ ಅಲ್ಲಿನ ಅನೇಕ ಕೆರೆಗಳಿಗಾಗಿ. ಹೀಗೆ ವರ್ಷದಲ್ಲೇ ಕಡಲು ಅತಿ ಒರಟಾಗಿರುವ ಎರಡು ತಿಂಗಳಲ್ಲಿ ಅಳಿವೆ ದಾಟುವುದು ಅತಿ ಚಿಕ್ಕ ಎಂಜಿನ್‌ಗಳು.

ದಶಕಗಳ ಅನುಭವದಿಂದ ಈ ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮ ನಿಂತಿದೆ. ಐಡಲ್ ತಿರುಪಿಗೆ ಕೈ ಹಾಕುವುದು ಕೊನೆಯಲ್ಲಿ. ಮೊದಲೇ ಅದನ್ನು ತಿರುಗಿಸಿ ವೇಗ ಏರಿಸಿದರೆ ನಿಜವಾದ ದೋಷ ಮುಚ್ಚಿಹೋಗಿ, ಗೇರು ಬಡಿಯುವುದು ಶುರುವಾಗುತ್ತದೆ. ಮೊದಲು ಎರಡೂ ಸಿಲಿಂಡರಿನ ಕಂಪ್ರೆಷನ್ ನೋಡುತ್ತಾರೆ. ಎರಡರ ನಡುವೆ ಅಂತರ ಹೆಚ್ಚಿದ್ದರೆ ರಿಂಗ್ ಸವೆದಿದೆ ಅಥವಾ ಮಸಿಗೆ ಅಂಟಿದೆ. ಆಮೇಲೆ ಪ್ಲಗ್. ಬಿಸ್ಕತ್ತಿನ ಬಣ್ಣವಿದ್ದರೆ ಉರಿ ಸರಿ, ಕಪ್ಪಗೆ ಒದ್ದೆಯಿದ್ದರೆ ಎಣ್ಣೆ ಹೆಚ್ಚು ಅಥವಾ ಕಿಡಿ ದುರ್ಬಲ. ಎರಡು ಸಿಲಿಂಡರಿನ ಎಂಜಿನ್ ಸ್ಲೋದಲ್ಲಿ ಒಂದರ ಮೇಲೇ ಓಡುತ್ತಿರುವುದುಂಟು. ಒಂದೊಂದೇ ಸಿಲಿಂಡರಿನ ಕಿಡಿಯನ್ನು ನೆಲಕ್ಕೆ ಇಳಿಸಿ ನೋಡಿದಾಗ, ಯಾವುದನ್ನು ತಪ್ಪಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್. ಎಂಜಿನ್ ಕಾರ್ಬುರೇಟರಿನ ಬಾಯಿಂದ ಸೀನಿದಂತೆ ಸದ್ದು ಮಾಡಿ ಆರಿದರೆ ಇಂಧನ ಸಾಲುತ್ತಿಲ್ಲ ಎಂದರ್ಥ. ಜೆಟ್ ಕಟ್ಟಿರಬಹುದು, ಗ್ಯಾಸ್ಕೆಟ್ಟಿನಿಂದಲೋ ಕ್ರ್ಯಾಂಕ್‌ಶಾಫ್ಟಿನ ಸವೆದ ಆಯಿಲ್ ಸೀಲಿನಿಂದಲೋ ಹೊರಗಿನ ಗಾಳಿ ನುಸುಳುತ್ತಿರಬಹುದು. ಬಾಯಿಂದ ಇಂಧನದ ಮಂಜು ಹಿಂದಕ್ಕೆ ಉಗುಳಿದರೆ ರೀಡ್ ವಾಲ್ವಿನ ತೆಳು ಉಕ್ಕಿನ ಎಸಳು ಮುರಿದಿರುವ ಸಾಧ್ಯತೆ ಹೆಚ್ಚು. ಇವೆಲ್ಲ ತೀರಿದ ಮೇಲೆ ಕಿಡಿ-ಥ್ರಾಟಲ್ ಹೊಂದಾಣಿಕೆ, ಅದಾದ ಮೇಲೆ ತಿರುಪು. ಮಿಶ್ರಣದ ತಿರುಪನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಸುಮಾರು ಒಂದೂವರೆ ಸುತ್ತು ಹೊರಕ್ಕೆ ತಂದು, ಅಲ್ಲಿಂದ ಸದ್ದು ಕೇಳುತ್ತ ಸರಿಮಾಡುತ್ತಾರೆ.

ಶೆಡ್ಡಿನ ಡ್ರಮ್ಮಿನಲ್ಲಿ ಚೆನ್ನಾಗಿ ನಿಂತ ಸ್ಲೋ ಕಡಲಿಗೆ ಇಳಿದಾಗ ಕೆಡುವುದು ಸಾಮಾನ್ಯ. ಹೊಗೆ ನೀರಿನೊಳಗಿಂದ ಹೊರಬರಬೇಕಾದ್ದರಿಂದ ಎಂಜಿನ್ ಎಷ್ಟು ಆಳ ಮುಳುಗಿದೆ ಎಂಬುದರ ಮೇಲೆ ಅದರ ಉಸಿರಾಟ ನಿಂತಿದೆ; ಗೇರು ಹಾಕಿದಾಗಿನ ಭಾರವಂತೂ ಡ್ರಮ್ಮಿನಲ್ಲಿ ಸರಿಯಾಗಿ ಸಿಗುವುದೇ ಇಲ್ಲ. ಆದ್ದರಿಂದ ಕೊನೆಯ ಹೊಂದಾಣಿಕೆಯನ್ನು ದಕ್ಕೆಯಲ್ಲಿ ಕಟ್ಟಿದ ದೋಣಿಯಲ್ಲಿ, ಎಂಜಿನ್ ಬಿಸಿಯಾಗಿ ಗೇರಿನಲ್ಲಿರುವಾಗ ಮಾಡಬೇಕು. ಈ ಕೊನೆಯ ಹಂತವನ್ನು ಬಿಟ್ಟ ರಿಪೇರಿಯನ್ನು ಮುಗಿದ ರಿಪೇರಿ ಎನ್ನಲಾಗದು.

ಟು-ಸ್ಟ್ರೋಕಿನ ಯುಗಕ್ಕೆ ತೆರೆ ಬೀಳತೊಡಗಿದ್ದು 1996ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದೋಣಿ ಎಂಜಿನ್‌ಗಳ ಹೊಗೆಗೆ ಮಿತಿ ಹಾಕಿದಾಗ. ಕೆಲವರು ಟು-ಸ್ಟ್ರೋಕನ್ನೇ ನೇರ ಇಂಧನ ಚಿಮ್ಮುವ ವಿಧಾನದಿಂದ ಉಳಿಸಲು ಹೊರಟರು. ಎವಿನ್ರೂಡ್, ಜಾನ್ಸನ್ ಎರಡನ್ನೂ ಮಾಡುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ನಿನ ಅಂಥ ಹೊಸ ಎಂಜಿನ್‌ಗಳು ತೊಂದರೆ ಕೊಟ್ಟವು, ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿ ಸಾರಿತು. ಬೇರೆಯವರ ಕೈಯಲ್ಲಿ ಉಳಿದುಕೊಂಡ ಎವಿನ್ರೂಡ್ ಎಂಜಿನ್ನಿನ ತಯಾರಿಕೆ 2020ರಲ್ಲಿ ನಿಂತಿತು. ಹೋಂಡಾ 1964ರಿಂದಲೇ ಹಿಡಿದಿದ್ದ ಫೋರ್-ಸ್ಟ್ರೋಕಿನ ದಾರಿ ಗೆದ್ದಿತು. ಫೋರ್-ಸ್ಟ್ರೋಕಿನಲ್ಲಿ ಹೊಗೆಯನ್ನು ಪಿಸ್ಟನ್ನೇ ಪೂರ್ತಿ ತಳ್ಳುವುದರಿಂದ ಐಡ್ಲಿಂಗ್ ಸಹಜವಾಗಿ ನಯ. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಮಾದರಿಗಳಲ್ಲಿ ಒಂದು ಸಣ್ಣ ಕವಾಟ ತಾನಾಗಿ ಗಾಳಿ ಬಿಟ್ಟು ಸ್ಲೋ ಕಾಯುತ್ತದೆ. ಅಲ್ಲಿ ಸ್ಲೋ ಕೆಟ್ಟರೆ ನೋಡಬೇಕಾದದ್ದು ಮಸಿ ಹಿಡಿದ ಆ ಕವಾಟವನ್ನು, ಕಟ್ಟಿದ ಫಿಲ್ಟರನ್ನು, ಕೊಳಕಾದ ಇಂಜೆಕ್ಟರನ್ನು.

ಕರ್ನಾಟಕದ ಕರಾವಳಿಯೂ ಈಗ ಅದೇ ದಾರಿಯಲ್ಲಿದೆ. ಸಹಾಯಧನದ ಸೀಮೆಎಣ್ಣೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಸಕಾಲಕ್ಕೆ ಸಿಗದೆ, ನಾಡದೋಣಿಗಳನ್ನು ಪೆಟ್ರೋಲ್ ಎಂಜಿನ್ನಿಗೆ ಬದಲಿಸುವ ಕೆಲಸ ನಡೆದಿದೆ. ಪೆಟ್ರೋಲಿನೊಂದಿಗೆ ಬಂದದ್ದು ಎಥೆನಾಲ್. ದೇಶದ ಪೆಟ್ರೋಲಿನಲ್ಲಿ ಅದರ ಪಾಲು 2022ರಲ್ಲಿ ಶೇ 10ಕ್ಕೂ 2025ರಲ್ಲಿ ಶೇ 20ಕ್ಕೂ ಮುಟ್ಟಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಅದರೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇಂಧನದ ಕೊಳವೆ ಎಳೆಯುವುದು ಆ ತಳದಿಂದಲೇ. ಉಪ್ಪು ತೇವದ ಗಾಳಿಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಇಟ್ಟು ಮತ್ತೆ ಕಡಲಿಗೆ ಇಳಿಯುವವರು ಮೊದಲು ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು, ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಮಬ್ಬಾದ ಪದರ ಕಂಡರೆ ಟ್ಯಾಂಕನ್ನೂ ಕಾರ್ಬುರೇಟರಿನ ಬೌಲನ್ನೂ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಬೇಕು.